ಅರ್ಥ ಮರೆತ ಮಂತ್ರ: ‘ದಿ ಒಮೇಗಾ ಗ್ಲೋರಿ’ಯ ಒಂದು ಪರಾಮರ್ಶೆ

೧೯೬೮ನೆಯ ಇಸವಿ ಮಾರ್ಚ್ ೧ರ ಶುಕ್ರವಾರ ರಾತ್ರಿ ಅಮೆರಿಕದ ಎನ್.ಬಿ.ಸಿ. ದೂರದರ್ಶನ ಸಂಸ್ಥೆಯು ‘ಸ್ಟಾರ್ ಟ್ರೆಕ್’ ಕಥಾಮಾಲೆಯ ‘ದಿ ಒಮೇಗಾ ಗ್ಲೋರಿ’ ಎಂಬ ಕಂತನ್ನು ಪ್ರಸಾರ ಮಾಡಿತು. ಕಂತು ಮುಗಿದೊಡನೆ ಸಂಸ್ಥೆಯ ವತಿಯಿಂದ ಒಂದು ಪ್ರಕಟಣೆಯೂ ಹೊರಬಿದ್ದಿತು. ಕಥಾಮಾಲೆಯನ್ನು ನಿಲ್ಲಿಸುವುದಿಲ್ಲ, ಅದು ಮುಂದುವರಿಯುವುದು ಎಂಬುದೇ ಆ ಪ್ರಕಟಣೆಯ ಸಾರ. ಅದಕ್ಕೆ ಹಿಂದಿನ ಕೆಲವು ತಿಂಗಳುಗಳಲ್ಲಿ, ಕಥಾಮಾಲೆ ನಿಂತುಹೋಗಲಿದೆಯೆಂಬ ಸುದ್ದಿ ಹಬ್ಬಿ, ವಿದ್ಯಾರ್ಥಿಗಳು, ಅಧ್ಯಾಪಕರು, ವಿಜ್ಞಾನಿಗಳು, ಗೃಹಿಣಿಯರು ಹೀಗೆ ನಾನಾ ಬಗೆಯ ಪ್ರೇಕ್ಷಕರು ಸಂಸ್ಥೆಗೆ ಲಕ್ಷಕ್ಕೂ ಮಿಕ್ಕಿ ಪತ್ರಗಳನ್ನು ಬರೆದಿದ್ದರು. ಬುದ್ಧಿಗೆ ಗ್ರಾಸವಿತ್ತು ಮನುಷ್ಯಕುಲದ ಏಕತೆಯನ್ನು ನಂಬಿ ನಡೆಯುವ ಕಥೆಗಳು ದೂರದರ್ಶನದಲ್ಲಿ ಬೇರೆ ಇಲ್ಲವೆಂಬುದು ಆ ಪತ್ರಗಳ ಹಿಂದಿನ ಭಾವನೆಯಾಗಿತ್ತು. ಅಂತಹ ಪ್ರೇಕ್ಷಕರಿಗೆ ಜಯದ ವಾರ್ತೆ ಬಂದ ರಾತ್ರಿಯೇ ಆ ನಂಬಿಕೆಯನ್ನು ನಾಚಿಸುವ ಕಂತೊಂದು ಕಣ್ಣಿಗೆ ಬಿದ್ದದ್ದು ದೂರದರ್ಶನದ ಇತಿಹಾಸದ ಒಂದು ವಿನೋದ. ವಿನೋದಕ್ಕಿಂತ ವ್ಯಥೆಯ ಪಾಲೇ ಅದರಲ್ಲಿ ಹೆಚ್ಚು.

೧೯೬೬ರ ಸೆಪ್ಟೆಂಬರ್ ೮ರಂದು ಆರಂಭವಾಗಿ ೧೯೬೯ರ ಜೂನ್ ೩ರಂದು ಮುಗಿದ ಈ ಮಾಲೆಯಲ್ಲಿ ಒಟ್ಟು ೭೯ ಕಂತುಗಳುಂಟು. ೧೯೮೦ರ ದಶಕದಲ್ಲಿ ಭಾರತದ ದೂರದರ್ಶನದಲ್ಲೂ ಬಂದುದರಿಂದ ಮುಂಬಯಿ, ದೆಹಲಿ, ಮದರಾಸುಗಳ ಕನ್ನಡ ಮನೆಗಳಿಗೆ ಇದು ಅಪರಿಚಿತವಲ್ಲ. ಎಲ್ಲ ಕಂತುಗಳೂ ಸಮಾನ ಗುಣದವಲ್ಲ; ವಾರಕ್ಕೊಂದು ಕಥೆಯನ್ನು ಹೊಸೆಯಬೇಕಾದ ಕಡೆ ಸಮಾನತೆಯನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಕೇವಲ ದುರ್ಬಲವಾದ ಕಂತುಗಳು ಇದರಲ್ಲಿ ಬೇಕಾದಷ್ಟಿವೆ; ಅವನ್ನು ನೋಡಿ ಮರೆಯಬಹುದು. ‘ದಿ ಒಮೇಗಾ ಗ್ಲೋರಿ’ಯನ್ನು ಹಾಗೆ ಮರೆಯಲಾಗುವುದಿಲ್ಲ. ಅದರ ಪೂರ್ವಾರ್ಧ ಸಾಕಷ್ಟು ಗಟ್ಟಿಯಾಗಿದೆ. ಉತ್ತರಾರ್ಧದಲ್ಲಿಯೂ ಒಂದು ದೊಡ್ಡ ಕಥೆಯ ಬೀಜವಿದೆ. ಆದರೂ ಒಟ್ಟು ಕೃತಿ ಮುಗ್ಗರಿಸಿ ಬೀಳುತ್ತದೆ. ಎಲ್ಲಿ ಮುಗ್ಗರಿಸಿತು, ಏಕೆ ಮುಗ್ಗರಿಸಿತು ಎಂಬುದು ವಿಚಾರಾರ್ಹವಾಗಿದೆ.

ಕಥೆಯನ್ನು ಬರೆದವನು ಮಾಲೆಯ ಜನಕನಾದ ಜೀನ್ ರಾಡನ್‌ಬರಿಯೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ, ಅನಂತರ ಲಾಸ್ ಏಂಜಲಿಸ್ ನಗರದ ಪೋಲೀಸು ಇಲಾಖೆಯಲ್ಲಿ ಸೇವೆ ಸಲ್ಲಿಸಿ, ಆಮೇಲೆ ಬರವಣಿಗೆಗೆ ತಿರುಗಿದ ಮನುಷ್ಯ ಈತ. ಮಾಲೆಗಾಗಿ ಮೊದಲು ತಯಾರಿಸಿದ ಮಾದರಿ ಚಿತ್ರವನ್ನು ಸಂಸ್ಥೆಯು ಒಪ್ಪದೆ, ಇನ್ನೊಂದನ್ನು ಮಾಡಿಕೊಡುವಂತೆ ೧೯೬೫ರಲ್ಲಿ ಕೇಳಿದಾಗ ಅದರ ಮುಂದಿಟ್ಟ ಮೂರು ಕಥೆಗಳಲ್ಲಿ ‘ದಿ ಒಮೇಗಾ ಗ್ಲೋರಿ’ಯೂ ಒಂದು. ಸಂಸ್ಥೆ ಆರಿಸಿದ್ದು ಸ್ಯಾಮ್ಯುಯಲ್ ಪೀಪಲ್ಸ್ ಬರೆದ ಕಥೆಯನ್ನು. ತಳ್ಳಿಹಾಕಿದ ಹಸ್ತಪ್ರತಿ ಸುಮಾರು ಮೂರು ವರ್ಷಗಳ ಅನಂತರ, ಎರಡನೆಯ ವರ್ಷದ ಸರಣಿ ಮುಗಿಯುತ್ತ ಬಂದಾಗ, ತೆರೆಯನ್ನು ಕಂಡಿತು. ಲೇಖಕನಿಗೆ ತನ್ನ ಕೂಸಿನ ಮೇಲೆ ಮಮತೆಯಿರುವುದು ಸಹಜ. ಆದರೆ ಈ ಮಧ್ಯೆ ಮಾಲೆ ಬೆಳೆದಿತ್ತು, ಪಾತ್ರಗಳು ಮಾಗಿದ್ದವು, ಪ್ರೇಕ್ಷಕನ ನಿರೀಕ್ಷೆ ಮೇಲೇರಿತ್ತು. ಹಸ್ತಪ್ರತಿ ಮಾತ್ರ ಇದ್ದಲ್ಲಿಯೇ ಉಳಿದಿತ್ತೆಂದು ಕಂತನ್ನು ನೋಡಿದವರಿಗೆ ತೋರದಿರದು.

ಮೊದಲು ಗುಣಪಕ್ಷ. ಎಂಟರ್‌ಪ್ರೈಸ್ ನೌಕೆಯು ಒಮೇಗಾ ಎಂಬ ನಕ್ಷತ್ರದ ನಾಲ್ಕನೆಯ ಗ್ರಹವನ್ನು ತಲುಪಿದಾಗ ಅಲ್ಲಿ ತನ್ನದೇ ಜಾತಿಯ ಎಕ್ಸೆಟರ್ ನೌಕೆಯು ಮೂಕವಾಗಿ ಸುತ್ತುತ್ತಿರುತ್ತದೆ. ನಾಯಕ ಕರ್ಕ್, ಸ್ಪಾಕ್, ವೈದ್ಯ ಮೆಕಾಯ್ ಹಾಗೂ ಗಾಲೊವೆ ಎಂಬ ಅಧಿಕಾರಿ ಅದರೊಳಕ್ಕೆ ಹೋಗುತ್ತಾರೆ. ಒಳಗೆ ಒಬ್ಬನೂ ಇಲ್ಲ. ಕುರ್ಚಿಗಳ ಮೇಲೆ, ನೆಲದ ಮೇಲೆ ಬರಿದಾದ ಸಮವಸ್ತ್ರಗಳು. ಅವುಗಳ ತೋಳಿನಿಂದ, ಕೊರಳಿನಿಂದ ಸುರಿದ ಬಿಳಿಯ ಹರಳುಗಳು. ಆ ಹರಳುಗಳೇ ಸಿಬ್ಬಂದಿ. ಮನುಷ್ಯ ದೇಹದಿಂದ ನೀರನ್ನು ತೆಗೆದರೆ ಉಳಿಯುವುದು ಕೆಲವೇ ಪೌಂಡು ರಾಸಾಯನಿಕ ದ್ರವ್ಯವೆಂದು ಮೆಕಾಯ್ ಶಾಂತವಾಗಿ ಹೇಳುತ್ತಾನೆ. ಮಾಲೆಯಲ್ಲಿ ಮೃತ್ಯುವಿನ ಇಷ್ಟು ನಿರಾಡಂಬರವಾದ, ಇಷ್ಟು ಭಯಂಕರವಾದ ಚಿತ್ರ ಮತ್ತೊಂದಿಲ್ಲ. ರಕ್ತವಿಲ್ಲ, ಚೀತ್ಕಾರವಿಲ್ಲ, ಮಡಿಸಿಡದೆ ಬಿಟ್ಟುಹೋದ ಬಟ್ಟೆಗಳಷ್ಟೇ. ಸಾಯುತ್ತಿದ್ದ ವೈದ್ಯನು ಬಿಟ್ಟುಹೋದ ದಾಖಲೆಯಿಂದ ತಿಳಿಯುವುದೇನೆಂದರೆ, ನೌಕೆಯನ್ನು ಹೊಕ್ಕವರೆಲ್ಲರಿಗೂ ರೋಗ ತಗಲಿದೆ, ಗ್ರಹದ ನೆಲಕ್ಕಿಳಿದರೆ ಮಾತ್ರ ಬದುಕುವ ಆಸೆಯುಂಟು.

ನೆಲದ ಮೇಲೆ ಅವರನ್ನು ಎದುರುಗೊಳ್ಳುವವನು ಎಕ್ಸೆಟರಿನ ನಾಯಕ ರೊನಾಲ್ಡ್ ಟ್ರೇಸಿ. ತನ್ನ ಜನರೆಲ್ಲ ಹರಳಾಗಿ ಹೋದ ಮೇಲೆ ಒಬ್ಬನೇ ಬದುಕುಳಿದವನು. ಆ ಊರಿನ ಜನ ಕೋಮರು. ಅವರ ಮೇಲೆ ಏರಿಬರುವ ಒರಟು ಜನ ಯಾಂಗರು. ಬೇರೊಂದು ಲೋಕದ ನಾಗರಿಕತೆಯಲ್ಲಿ ಕೈಯಾಡಿಸಬಾರದೆಂಬುದು ಆ ನೌಕಾಪಡೆಯ ಪ್ರಧಾನಾಜ್ಞೆ. ಟ್ರೇಸಿ ಅದನ್ನು ಮುರಿದು ಕೋಮರ ಪರವಾಗಿ ತನ್ನ ಫೇಸರ್ ಅಸ್ತ್ರವನ್ನು ಹಿಡಿದಿದ್ದಾನೆ. ಇದಕ್ಕೆ ಅವನಲ್ಲಿ ಒಂದು ಕಾರಣವೂ ಇದೆ. ಕೋಮರಲ್ಲಿ ವೂ ಎಂಬವನ ವಯಸ್ಸು ೪೬೨. ಅವನ ತಂದೆಗೆ ಸಾವಿರ ದಾಟಿದೆ. ಜರೆಯನ್ನು ಗೆಲ್ಲುವ ಔಷಧ ಈ ನೆಲದಲ್ಲಿದೆ, ಅದನ್ನು ಪ್ರತ್ಯೇಕಿಸಿದರೆ ಮನುಷ್ಯಕುಲಕ್ಕೆ ಅಮೃತ ದೊರೆತಂತೆ ಎಂದು ಟ್ರೇಸಿ ನಂಬಿದ್ದಾನೆ. ಮೆಕಾಯ್ ಪರೀಕ್ಷಿಸಿ ಕಂಡುಕೊಳ್ಳುವುದು ಬೇರೆ. ಹಿಂದೆಂದೋ ನಡೆದ ರೋಗಾಣು ಯುದ್ಧದಲ್ಲಿ ಉಳಿದವರ ಸಂತತಿಗೆ ಪ್ರಕೃತಿಯೇ ದೃಢವಾದ ದೇಹವನ್ನು ಕೊಟ್ಟಿದೆ. ಹೊರಗಿನವನು ಕದ್ದೊಯ್ಯಬಹುದಾದ ಮದ್ದು ಅಲ್ಲಿಲ್ಲ. ಒಳ್ಳೆಯ ಆಹಾರ, ದಿನವೂ ವ್ಯಾಯಾಮ, ಇವುಗಳಿಂದಲೇ ಹೆಚ್ಚು ಲಾಭವೆಂದು ವೈದ್ಯನು ಅಮೃತಾರ್ಥಿಗೆ ಹೇಳುವ ಮಾತಿನಲ್ಲಿ ಸೊಗಸಾದ ವ್ಯಂಗ್ಯವಿದೆ. ಅದಕ್ಕಿಂತ ಕ್ರೂರವಾದ ವ್ಯಂಗ್ಯ ಇನ್ನೊಂದು: ನೆಲದ ಮೇಲೆ ಇನ್ನು ಕೆಲವು ಗಂಟೆಗಳ ಕಾಲ ನಿಂತಿದ್ದರೆ ಎಕ್ಸೆಟರಿನ ತಂಡ ರೋಗಮುಕ್ತವಾಗಿ ನೌಕೆಗೆ ಮರಳಬಹುದಿತ್ತು. ಅಂದರೆ ಯಾವ ನಿಧಿಗಾಗಿ ಟ್ರೇಸಿ ತನ್ನ ಆಣೆಯನ್ನು ಮುರಿದನೋ ಅಂತಹ ನಿಧಿಯೇ ಇರಲಿಲ್ಲ.

ಇಲ್ಲಿಯವರೆಗೆ ಇದು ಉತ್ತಮ ದುರಂತ ಕಥೆಯ ಹಾದಿ. ಮಾರ್ಗನ್ ವುಡ್‌ವರ್ಡ್ ಟ್ರೇಸಿಯನ್ನು ಅಭಿನಯಿಸಿದ ಬಗೆಯೂ ಶ್ಲಾಘ್ಯ. ಇವನೇ ೧೯೬೬ರ ‘ಡ್ಯಾಗರ್ ಆಫ್ ದಿ ಮೈಂಡ್’ ಕಂತಿನಲ್ಲಿ ಬುದ್ಧಿ ಚದುರಿದ ವೈದ್ಯ ವಾನ್ ಗೆಲ್ಡರನ ಪಾತ್ರವನ್ನು ವಹಿಸಿ ಮನ್ನಣೆ ಪಡೆದಿದ್ದನು. ಯಾಂಗರು ನೂರಾರು ಜನರನ್ನು ಬಲಿಗೊಟ್ಟು ತಮ್ಮನ್ನು ಬಯಲಿಗೆಳೆದರು, ಸಾವಿರಾರು ಜನರನ್ನು ಕೊಂದರೂ ಅವರು ಮತ್ತೆ ಬಂದರು ಎಂದು ಟ್ರೇಸಿ ಬಳಲಿದ ದನಿಯಲ್ಲಿ ನುಡಿಯುವಾಗ, ಕೊಂದ ಕೈಯ ದಣಿವು ಆ ಮುಖದಲ್ಲಿ ಕಾಣುತ್ತದೆ. ಸತ್ಪುರುಷನೊಬ್ಬನು ಒಂದೊಂದೇ ಮೆಟ್ಟಿಲು ಇಳಿದು ಪಾತಕಿಯಾಗುವುದು, ಪ್ರತಿ ಮೆಟ್ಟಿಲಿಗೂ ಅವನಲ್ಲಿ ಒಂದು ನ್ಯಾಯವಿರುವುದು, ಇದು ಗಂಭೀರವಾದ ವಸ್ತು. ಗಾಯಗೊಂಡಿದ್ದ ಗಾಲೊವೆಯನ್ನು ಅವನು ಕೊಲ್ಲುವ ಗಳಿಗೆಯಲ್ಲಿ ಹಿಂದಿರುಗುವ ಬಾಗಿಲು ಮುಚ್ಚಿತೆಂದು ನೋಡುಗನಿಗೆ ಅನಿಸುತ್ತದೆ. ಕಥೆ ಟ್ರೇಸಿಯನ್ನು ನೆಚ್ಚಿ ಕೊನೆಯವರೆಗೂ ನಡೆದಿದ್ದರೆ ಇಂದು ಇದನ್ನು ಮಾಲೆಯ ಉತ್ತಮ ಹತ್ತು ಕಂತುಗಳಲ್ಲಿ ಎಣಿಸುತ್ತಿದ್ದರೋ ಏನೋ.

ಆದರೆ ಲೇಖಕನ ಕಣ್ಣು ಬೇರೆಲ್ಲಿಯೋ ಇತ್ತು. ಯಾಂಗರು ಊರನ್ನು ಗೆದ್ದು ಎಲ್ಲರನ್ನೂ ಸೆರೆಹಿಡಿದ ಮೇಲೆ ಕರ್ಕನಿಗೆ ಒಮ್ಮೆಲೇ ಹೊಳೆಯುತ್ತದೆ: ಯಾಂಗರೆಂದರೆ ಯಾಂಕಿಗಳು, ಕೋಮರೆಂದರೆ ಕಮ್ಯೂನಿಸ್ಟರು. ಭೂಮಿಯಲ್ಲಿ ನಡೆಯದೆ ತಪ್ಪಿದ ಮಹಾಯುದ್ಧ ಇಲ್ಲಿ ನಡೆದುಹೋಗಿದೆ. ಅಷ್ಟರಲ್ಲಿ ಬಾಗಿಲು ತೆರೆದು ಪಟ್ಟೆ ಮತ್ತು ನಕ್ಷತ್ರಗಳ ಹರಕು ಬಾವುಟವೊಂದು ಒಳಕ್ಕೆ ಬರುತ್ತದೆ. ಅಮೆರಿಕದ ಬಾವುಟವನ್ನು ಹೋಲುವ ಬಾವುಟವಲ್ಲ; ಅದೇ ಬಾವುಟ.

ಅನೌಚಿತ್ಯಕ್ಕಿಂತ ಬೇರೆ ರಸಭಂಗಕಾರಣವಿಲ್ಲವೆಂಬ ಆನಂದವರ್ಧನನ ಅಭಿಪ್ರಾಯ ಈ ದೃಶ್ಯವನ್ನು ಕಂಡವರಿಗೆ ನೆನಪಾಗದಿರದು. ಅಸಂಭಾವ್ಯವಾದುದು ಕಥೆಯಲ್ಲಿ ಬರಬಾರದೆಂದೇನೂ ಇಲ್ಲ. ವೈಜ್ಞಾನಿಕ ಕಥೆಯ ಜೀವವೇ ಅಸಂಭಾವ್ಯ. ಬಂದ ಅಸಂಭಾವ್ಯಕ್ಕೆ ಕಥೆ ತನ್ನದೇ ಆದ ಒಂದು ನೆಲೆಯನ್ನು ಕಲ್ಪಿಸಬೇಕು, ಅಷ್ಟೆ. ೧೯೬೬ರ ‘ಮಿರಿ’ ಕಂತಿನಲ್ಲಿ ಭೂಮಿಯ ಪ್ರತಿರೂಪದಂತಿರುವ ಗ್ರಹವೊಂದು ಬರುತ್ತದೆ. ಕೊನೆಯ ಪಕ್ಷ ಅದನ್ನು ಕಂಡವರು ಬೆರಗಾಗುತ್ತಾರೆ. ಈ ಕಂತಿನ ಎರಡೇ ವಾರಗಳ ಅನಂತರ, ಮಾರ್ಚ್ ೧೫ರಂದು ಪ್ರಸಾರವಾದ ‘ಬ್ರೆಡ್ ಅಂಡ್ ಸರ್ಕಸಸ್’ನಲ್ಲಿ ರೋಮ್ ಸಾಮ್ರಾಜ್ಯ ಇಪ್ಪತ್ತನೆಯ ಶತಮಾನಕ್ಕೂ ಉಳಿದುಬಂದ ಗ್ರಹವಿದೆ, ಅಲ್ಲಿ ಸಮಾನಾಂತರ ವಿಕಾಸದ ಒಂದು ನಿಯಮವನ್ನು ಹೆಸರಿಸಿ ಬಾಯಿಮಾತಿಗಾದರೂ ಸಮಾಧಾನ ಹೇಳಿದ್ದಾರೆ. ‘ದಿ ಒಮೇಗಾ ಗ್ಲೋರಿ’ಯಲ್ಲಿ ಅಷ್ಟೂ ಇಲ್ಲ. ಜ್ಯೋತಿರ್ವರ್ಷಗಳಾಚೆಯ ನೆಲದಲ್ಲಿ ಫಿಲಡೆಲ್ಫಿಯದ ೧೭೮೭ರ ಸಂವಿಧಾನ ಅಕ್ಷರ ಬಿಡದೆ ಸಿಕ್ಕರೆ, ಇದು ಇಲ್ಲಿಗೆ ಹೇಗೆ ಬಂತೆಂದು ಯಾರೊಬ್ಬರೂ ಕೇಳುವುದಿಲ್ಲ. ತರ್ಕವೇ ಪ್ರಾಣವಾದ ಸ್ಪಾಕ್ ಕೂಡ ಹೋಲಿಕೆ ಸೋಜಿಗದ್ದೆಂದು ಒಪ್ಪಿ ಸುಮ್ಮನಾಗುತ್ತಾನೆ.

ಇದಕ್ಕಿಂತ ಆಳವಾದ ದೋಷವೊಂದಿದೆ. ಅದು ಬರಿಯ ಲೆಕ್ಕದಿಂದ ತಿಳಿಯುವಂಥದು. ಪೂರ್ವಾರ್ಧದ ಕಥೆ ನಿಂತಿರುವುದು ದೀರ್ಘಾಯುಷ್ಯದ ಮೇಲೆ. ಉತ್ತರಾರ್ಧದ ಕಥೆ ನಿಂತಿರುವುದು ವಿಸ್ಮೃತಿಯ ಮೇಲೆ. ತಲೆಮಾರುಗಳು ಬಹಳವಾಗಿ ಕಳೆದುದರಿಂದ ಯಾಂಗರು ತಮ್ಮ ಪವಿತ್ರ ವಾಕ್ಯಗಳ ಅರ್ಥವನ್ನು ಮರೆತಿದ್ದಾರೆ. ಆದರೆ ಒಬ್ಬನ ವಯಸ್ಸು ೪೬೨, ಅವನ ತಂದೆಯ ವಯಸ್ಸು ಸಾವಿರಕ್ಕೆ ಮಿಗಿಲಾಗಿರುವ ಲೋಕದಲ್ಲಿ ಎರಡು ಮೂರು ತಲೆಮಾರಿಗೆ ಸಾವಿರ ವರ್ಷ ಹಿಡಿಯುತ್ತದೆ. ಒಮೇಗಾದ ಚರಿತ್ರೆ ಭೂಮಿಯ ಚರಿತ್ರೆಯಂತೆಯೇ ನಡೆದಿದ್ದರೆ, ಆ ಪತ್ರವನ್ನು ಬರೆದ ಕಾಲಕ್ಕೆ ವೂನ ತಂದೆ ನಡುಹರೆಯದವನು. ಮಹಾಯುದ್ಧವನ್ನು ಕಣ್ಣಾರೆ ಕಂಡವನು. ಕರ್ಕನಿಗೆ ಈ ಲೋಕದ ಪೂರ್ವೇತಿಹಾಸ ಬೇಕಿದ್ದರೆ ಊಹೆಯ ಕಸರತ್ತು ಬೇಕಿರಲಿಲ್ಲ, ಆ ಮುದುಕನನ್ನು ಕರೆಸಿ ಕೇಳಿದ್ದರೆ ಸಾಕಿತ್ತು. ಯಾರೂ ಕೇಳುವುದಿಲ್ಲ. ಲೇಖಕನೇ ತನ್ನ ಸಾಕ್ಷಿಯನ್ನು ಸೃಷ್ಟಿಸಿ ಕಟಕಟೆಗೆ ಕರೆಯುವುದನ್ನು ಮರೆತನು. ಇದು ಬರಿಯ ಮರೆವೂ ಅಲ್ಲವೆಂಬುದು ಮುಂದೆ ತಿಳಿಯುತ್ತದೆ; ಸಾಕ್ಷಿ ಕೋಮರವನು.

ವಿಸ್ಮೃತಿಯ ಕಲ್ಪನೆಯನ್ನು ಅದರಷ್ಟಕ್ಕೇ ನೋಡಿದರೆ ಮೆಚ್ಚದಿರಲು ಸಾಧ್ಯವಿಲ್ಲ. ಸೆರೆಮನೆಯಲ್ಲಿ ಕರ್ಕನ ಜೊತೆಗಿರುವ ಕ್ಲೌಡ್ ವಿಲಿಯಂ ಎಂಬ ಯಾಂಗರ ನಾಯಕ ಬಹಳ ಹೊತ್ತು ತುಟಿ ಬಿಚ್ಚುವುದಿಲ್ಲ. ಅವನಿಗೆ ಮಾತೇ ಬಾರದೆಂದು ಎಲ್ಲರೂ ತಿಳಿದಿರುತ್ತಾರೆ. ಮಾತಿನ ಭರದಲ್ಲಿ ಕರ್ಕನು ‘ಸ್ವಾತಂತ್ರ್ಯ’ ಎಂದೊಡನೆ ಅವನು ಬೆಚ್ಚಿ ಬಾಯ್ದೆರೆಯುತ್ತಾನೆ. ಅದು ಯಾಂಗರ ಪೂಜೆಯ ಮಾತು, ಅನ್ಯನ ಬಾಯಲ್ಲಿ ಬರಬಾರದು! ಉತ್ತರಾರ್ಧದ ಒಳ್ಳೆಯ ಗಳಿಗೆ ಇದೊಂದೇ. ತಾನು ದಿನವೂ ಪೂಜಿಸುವ ಮಾತನ್ನು ಅಪರಿಚಿತನು ಸಾಮಾನ್ಯ ಮಾತಿನಂತೆ ಬಳಸಿದನೆಂಬ ಆಘಾತ, ಹಾಗೆ ಬಳಸಬಹುದಾದರೆ ಅದಕ್ಕೆ ಅರ್ಥವೂ ಇದ್ದೀತೆಂಬ ಅಸ್ಪಷ್ಟ ಸಂಶಯ, ಎರಡೂ ಆ ನಟನ ಕಣ್ಣಿನಲ್ಲಿ ಹಾಯುತ್ತವೆ. ಮರುಗಳಿಗೆಯಲ್ಲಿ ಅವನು ಕರ್ಕನ ತಲೆಗೆ ಹೊಡೆದು ತಪ್ಪಿಸಿಕೊಳ್ಳುವುದೂ ಪಾತ್ರಕ್ಕೆ ಹೊಂದಿದೆ.

ಅನಂತರದ ಸಭೆಯಲ್ಲಿ ಯಾಂಗರು ತಮ್ಮ ಪವಿತ್ರ ಪತ್ರದ ಮಾತುಗಳನ್ನು ಉಚ್ಚರಿಸುತ್ತಾರೆ. ‘ಈ ಪ್ಲೆಬ್‌ನಿಸ್ತಾ’ ಎಂದೇನೋ ಆರಂಭವಾಗುವ ಆ ಘೋಷ ಸವೆದು ಸವೆದು ಗುರುತು ಸಿಗದಂತಾದ ಸಂವಿಧಾನದ ಪೀಠಿಕೆ. ವೇದವನ್ನು ಅಧ್ಯಯನ ಮಾಡಿಯೂ ಅರ್ಥವನ್ನರಿಯದವನು ಹೊರೆ ಹೊತ್ತ ಕಂಬವೆಂದು ನಿರುಕ್ತದಲ್ಲಿ ಯಾಸ್ಕನು ಹೇಳಿದುದನ್ನೂ, ಮಂತ್ರಗಳಿಗೆ ಅರ್ಥವೇ ಇಲ್ಲವೆಂದ ಕೌತ್ಸನ ಪಕ್ಷವನ್ನು ಅವನು ಖಂಡಿಸಿದುದನ್ನೂ ಬಲ್ಲ ಓದುಗರಿಗೆ ಈ ಸಮಸ್ಯೆ ಹೊಸದಲ್ಲ. ಭಾರತದಲ್ಲಿ ಧ್ವನಿಯನ್ನು ಕಾಪಾಡಲು ಪದಪಾಠ, ಕ್ರಮಪಾಠ, ಘನಪಾಠಗಳ ಕೋಟೆಯನ್ನೇ ಕಟ್ಟಿದರು. ಸ್ವರ ಉಳಿದು ಅರ್ಥ ಜಾರುವ ಅಪಾಯವಿತ್ತು. ಯಾಂಗರದು ಇದಕ್ಕೆ ತಿರುಗಾದ ಸ್ಥಿತಿ. ಲಿಪಿ ಪೆಟ್ಟಿಗೆಯಲ್ಲಿ ಅಚ್ಚಳಿಯದೆ ಉಳಿದಿದೆ, ಧ್ವನಿ ಹಾಳಾಗಿದೆ, ಅರ್ಥ ಎರಡರಿಂದಲೂ ದೂರವಾಗಿದೆ. ಪತ್ರವನ್ನು ನೋಡುವ ಹಕ್ಕು ನಾಯಕರಿಗೆ ಮಾತ್ರ ಇದ್ದು, ಓದುವ ವಿದ್ಯೆ ಯಾರಲ್ಲಿಯೂ ಉಳಿಯದೆ, ಪೆಟ್ಟಿಗೆ ದೇವರಾಯಿತು. ದಿನಬಳಕೆಯ ಇಂಗ್ಲಿಷು ಚೆನ್ನಾಗಿಯೇ ಉಳಿದಿರುವಾಗ ಪೂಜೆಯ ಇಂಗ್ಲಿಷು ಮಾತ್ರ ಕೆಟ್ಟದ್ದು ಹೇಗೆಂದು ಕೆಲವರು ಆಕ್ಷೇಪಿಸಿದ್ದುಂಟು. ಅದು ಬಲವಾದ ಆಕ್ಷೇಪವಲ್ಲ. ಬಳಸುವ ಮಾತನ್ನು ಬಳಕೆಯೇ ತಿದ್ದುತ್ತದೆ. ಬಾಯಿಪಾಠದ ಮಾತನ್ನು ತಿದ್ದುವವರಿಲ್ಲ. ಪರಸ್ಥಳದಲ್ಲಿ ಹುಟ್ಟಿ ಬೆಳೆದ ಮಕ್ಕಳು ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವ ಹಾಡಿನ ಪದಗಳು ವರ್ಷವರ್ಷಕ್ಕೆ ಹೇಗೆ ಅಂಚು ಸವೆಯುತ್ತವೆಂಬುದನ್ನು ಕಂಡವರು ಈ ವಿಷಯದಲ್ಲಿ ರಾಡನ್‌ಬರಿಯ ಪಕ್ಷವನ್ನೇ ಹಿಡಿಯುವರು.

ಇಷ್ಟು ಶ್ರೀಮಂತವಾದ ಕಲ್ಪನೆಯನ್ನು ಲೇಖಕನು ಬಳಸಿದ ರೀತಿಯಾದರೂ ಏನು? ಇದು ರಾಷ್ಟ್ರಭಕ್ತಿಯ ವಿಡಂಬನೆ, ಬಾವುಟಕ್ಕೆ ಕೈಮುಗಿದು ಸಂವಿಧಾನವನ್ನು ಮರೆತವರ ಚಿತ್ರ ಎಂದು ಈ ಕಂತಿನ ಪರವಾಗಿ ವಾದಿಸುವವರಿದ್ದಾರೆ. ಪೀಠಿಕೆಯ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಆದರೆ ವಿಡಂಬನೆಗೆ ದೂರ ಬೇಕು. ಬಾವುಟ ಒಳಬಂದಾಗ ಛಾಯಾಗ್ರಾಹಕ ಯಂತ್ರವೇ ಭಕ್ತಿಯಿಂದ ಬಾಗುತ್ತದೆ; ಸಂಗೀತ ಗಂಭೀರವಾಗುತ್ತದೆ. ಯಾಂಗರು ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಹೇಳುವ ನಿಷ್ಠಾಪ್ರತಿಜ್ಞೆಯನ್ನು ತೊದಲಲಾರಂಭಿಸಿದಾಗ ಕರ್ಕನು ಅದನ್ನು ಪೂರ್ತಿ ಹೇಳಿ ಮುಗಿಸುತ್ತಾನೆ, ಸಭೆ ಬೆರಗಾಗುತ್ತದೆ. ಪ್ರೇಕ್ಷಕನೂ ಬೆರಗಾಗಬೇಕೆಂಬುದೇ ನಿರ್ದೇಶನದ ಉದ್ದೇಶ. ಆ ಪ್ರತಿಜ್ಞೆ ಸಂವಿಧಾನದ ಭಾಗವಲ್ಲ. ೧೮೯೨ರಲ್ಲಿ ಫ್ರಾನ್ಸಿಸ್ ಬೆಲ್ಲಮಿ ಬರೆದುದು, ದೇವರ ಹೆಸರು ಅದರೊಳಗೆ ಸೇರಿದ್ದು ೧೯೫೪ರಲ್ಲಿ. ಇಪ್ಪತ್ತಮೂರನೆಯ ಶತಮಾನದ ವಿಶ್ವಮಾನವನೆಂದು ಪರಿಚಿತನಾದ ನಾಯಕನು ಇದನ್ನು ಬಾಯಿಪಾಠವಾಗಿ ಒಪ್ಪಿಸುವಾಗ ಯಾಂಗರಿಗೂ ಅವನಿಗೂ ಇರಬೇಕಾಗಿದ್ದ ಅಂತರ ಅಳಿಸಿಹೋಗುತ್ತದೆ. ಅವನದೂ ಬಾಯಿಪಾಠ, ಅವರದೂ ಬಾಯಿಪಾಠ, ಉಚ್ಚಾರಣೆಯಷ್ಟೇ ವ್ಯತ್ಯಾಸ.

ಪ್ರಸಾರದ ಕಾಲವನ್ನು ಮರೆಯುವಂತಿಲ್ಲ. ೧೯೬೮ರ ಜನವರಿ ಕೊನೆಯಲ್ಲಿ ವಿಯೆಟ್ನಾಮಿನಲ್ಲಿ ಟೆಟ್ ದಾಳಿ ಆರಂಭವಾಗಿ, ಒಂದು ತಿಂಗಳಿನಿಂದ ಅಮೆರಿಕದ ಮನೆಮನೆಯಲ್ಲೂ ರಾತ್ರಿಯ ವಾರ್ತೆಗಳಲ್ಲಿ ಯುದ್ಧದ ಚಿತ್ರಗಳೇ ತುಂಬಿದ್ದವು. ಅಂತಹ ಹೊತ್ತಿನಲ್ಲಿ, ಏಷ್ಯದ ಮುಖಚರ್ಯೆಯವರಾದ ಕೋಮರು ನೆಲವನ್ನು ಕಿತ್ತುಕೊಂಡವರು, ಬಿಳಿಯ ಮುಖದ ಯಾಂಗರು ತಮ್ಮ ನೆಲವನ್ನು ಮರಳಿ ಗೆದ್ದವರು ಎಂಬ ಕಥೆಯನ್ನು ತೆರೆಯ ಮೇಲೆ ತೋರಿಸಿದರು. ಕರ್ಕನಿಗೆ ಹೆಸರುಗಳ ವ್ಯುತ್ಪತ್ತಿ ಹೊಳೆಯುವವರೆಗೂ ಕೋಮರು ಮುತ್ತಿಗೆಗೊಳಗಾದ ಹಳ್ಳಿಗರು. ಸೆರೆಯಾಳುಗಳ ತಲೆ ಕಡಿಯಲು ಹೊರಟವರೇನೋ ಹೌದು, ಆದರೆ ಭಯದಲ್ಲಿ ಬದುಕುತ್ತಿದ್ದವರೂ ಹೌದು. ಹೊಳೆದ ಮೇಲೆ ಅವರು ಹೊಸದಾಗಿ ಏನನ್ನೂ ಮಾಡುವುದಿಲ್ಲ, ಆದರೂ ಖಳರಾಗುತ್ತಾರೆ. ಒಂದು ಶಬ್ದದ ನಿಷ್ಪತ್ತಿಯಿಂದ ಒಂದು ಜನಾಂಗದ ಪಾಪಪುಣ್ಯಗಳು ನಿರ್ಣಯವಾಗುವುದು ವೈಯಾಕರಣರಿಗೂ ಒಪ್ಪಿಗೆಯಾಗದ ನ್ಯಾಯ. ಇದೇ ಮಾಲೆಯು ೧೯೬೭ರ ಸೆಪ್ಟೆಂಬರಿನಿಂದ ರಷ್ಯದ ತರುಣನೊಬ್ಬನನ್ನು ನೌಕೆಯ ಚಾಲಕರ ಸಾಲಿನಲ್ಲಿ ಕೂರಿಸಿತ್ತೆಂಬುದನ್ನು ನೆನೆದರೆ ಆಶ್ಚರ್ಯ ಇಮ್ಮಡಿಸುತ್ತದೆ.

ಯಾಂಗರ ವೇಷವನ್ನು ಕುರಿತೂ ಒಂದು ಮಾತು ಹೇಳಬೇಕು. ಚರ್ಮದ ಉಡುಪು, ಬಿಲ್ಲು, ಭರ್ಜಿ, ಮೌನ. ಅಮೆರಿಕದ ಮೂಲನಿವಾಸಿಗಳ ಬಗ್ಗೆ ಹಾಲಿವುಡ್ ಬೆಳೆಸಿದ ಚಿತ್ರವೇ ಇದು. ನಗರಗಳಿಂದ ಕಾಡುಗುಡ್ಡಗಳಿಗೆ ತಳ್ಳಿಸಿಕೊಂಡ ಬಿಳಿಯರು ಕಾಲಕ್ರಮದಲ್ಲಿ ಆ ಜನರಂತೆಯೇ ಆದರೆಂದು ಕರ್ಕನೂ ಸ್ಪಾಕನೂ ಸಂವಾದದಲ್ಲಿ ವಿವರಿಸುತ್ತಾರೆ. ನೆಲ ಕಳೆದುಕೊಂಡ ನಿಜವಾದ ಜನರ ಉಡುಪನ್ನು ನೆಲ ಕಳೆದ ಜನರ ಮೊಮ್ಮಕ್ಕಳಿಗೆ ತೊಡಿಸಿ, ನೆಲ ಕಳೆದುಕೊಂಡ ದುಃಖವನ್ನೂ ಅವರಿಗೇ ಒಪ್ಪಿಸಿದಂತಾಯಿತು. ಲೇಖಕನಿಗೆ ಇದು ಹೊಳೆದಂತೆಯೇ ಇಲ್ಲ.

ಸ್ಪಾಕನ ಚೂಪು ಕಿವಿಯನ್ನು ತೋರಿಸಿ ಇವನು ಸೈತಾನನೆಂದು ಟ್ರೇಸಿ ಯಾಂಗರನ್ನು ನಂಬಿಸುವ ಪ್ರಸಂಗವನ್ನೂ, ಸತ್ಯಪರೀಕ್ಷೆಗೆಂದು ಇಬ್ಬರು ನಾಯಕರ ಕೈಗಳನ್ನು ಒಂದಕ್ಕೊಂದು ಕಟ್ಟಿ ಚೂರಿಗಾಗಿ ಹೋರಾಡಿಸುವುದನ್ನೂ ಬಹಳ ಚರ್ಚಿಸಬೇಕಾದುದಿಲ್ಲ. ನಿರ್ದೇಶಕ ವಿನ್ಸೆಂಟ್ ಮೆಕ್‌ವಿಟಿಯೇ ೧೯೬೬ರ ಡಿಸೆಂಬರಿನ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತನ್ನೂ ನಿರ್ದೇಶಿಸಿದವನು. ಅಲ್ಲಿಯೂ ಸ್ಪಾಕನ ಮುಖವನ್ನು ಕಂಡು ಅವನನ್ನು ಶಂಕಿಸುವ ಅಧಿಕಾರಿಯಿದ್ದಾನೆ. ಮುಖ ನೋಡಿ ಮನುಷ್ಯನನ್ನು ಅಳೆಯುವ ಕ್ಷುದ್ರತೆಯೇ ಅಲ್ಲಿನ ಕಥೆಯ ನೋವು. ಇಲ್ಲಿ ಅದೇ ಸಂಗತಿ ಹತ್ತು ನಿಮಿಷದ ಕುತೂಹಲಕ್ಕೆ ಉಪಯೋಗವಾಗಿದೆ. ಸ್ಪಾಕನು ಮನೋಬಲದಿಂದ ಸೈರಾ ಎಂಬ ಯಾಂಗ್ ಹೆಣ್ಣನ್ನು ಪ್ರೇರೇಪಿಸಿ ಸಂಪರ್ಕ ಯಂತ್ರವನ್ನು ತೆರೆಸುತ್ತಾನೆ. ನೌಕೆಯಿಂದ ರಕ್ಷಣೆ ಬರುತ್ತದೆ. ಟ್ರೇಸಿ ಬಂಧಿತನಾಗುತ್ತಾನೆ, ಅವನು ಕೊಂದ ಸಾವಿರಾರು ಜನರ ಹೆಸರನ್ನು ಯಾರೂ ಎತ್ತುವುದಿಲ್ಲ. ಪೂರ್ವಾರ್ಧದ ದುರಂತ ನಾಯಕನು ಉತ್ತರಾರ್ಧದಲ್ಲಿ ಚೂರಿ ಹಿಡಿದ ಜಟ್ಟಿಯಾಗಿ ಮುಗಿದುದೇ ಈ ಕಂತಿನ ಕಲಾದೃಷ್ಟಿಯ ದೊಡ್ಡ ನಷ್ಟ.

ಇನ್ನು ಕೊನೆಯ ದೃಶ್ಯ. ಕರ್ಕನು ಪೆಟ್ಟಿಗೆಯಿಂದ ಪತ್ರವನ್ನು ತೆಗೆದು ಅದರ ಮೊದಲ ಮೂರು ಪದಗಳನ್ನು ಸ್ಪಷ್ಟವಾಗಿ ಓದುತ್ತಾನೆ. ಇವು ನಾಯಕರಿಗೆ ಮೀಸಲಾದವಲ್ಲ, ಜನರ ಮಾತುಗಳು ಎನ್ನುತ್ತಾನೆ. ಯಾಂಗರಿಗೆ ಮಾತ್ರವಲ್ಲದೆ ಕೋಮರಿಗೂ ಇವು ಸಲ್ಲಬೇಕು, ಎಲ್ಲರಿಗೂ ಸಲ್ಲದಿದ್ದರೆ ಇವಕ್ಕೆ ಅರ್ಥವೇ ಇಲ್ಲ ಎನ್ನುತ್ತಾನೆ. ವಿಲಿಯಂ ಶ್ಯಾಟ್ನರನ ಅತಿಯಾದ ಆವೇಶವನ್ನು ಅನೇಕರು ಹಾಸ್ಯ ಮಾಡಿದ್ದಾರೆ. ಹಾಸ್ಯಕ್ಕೆ ಕಾರಣವಿಲ್ಲದೆ ಇಲ್ಲ. ಆದರೂ ಈ ಮಾತು ಕಂತಿನ ಅತ್ಯುತ್ತಮ ಮಾತು ಎಂಬುದನ್ನು ಮರೆಮಾಚಬಾರದು. ೧೯೪೯ರ ನವೆಂಬರ್ ೨೬ರಂದು ಅಂಗೀಕಾರವಾದ ಭಾರತದ ಸಂವಿಧಾನದ ಇಂಗ್ಲಿಷ್ ಪೀಠಿಕೆಯೂ ಇವೇ ಮೂರು ಪದಗಳಿಂದ ಆರಂಭವಾಗುತ್ತದೆ. ಅದನ್ನು ಶಾಲಾ ಕಾಲೇಜುಗಳಲ್ಲಿ ಓದಿಸಬೇಕೆಂದು ಕರ್ನಾಟಕ ಸರ್ಕಾರವು ೨೦೨೩ರಲ್ಲಿ ನಿರ್ಧರಿಸಿತು. ಓದಿಸುವವರು ಈ ದೃಶ್ಯವನ್ನೊಮ್ಮೆ ನೋಡಿದರೆ ಕೆಡುಕಿಲ್ಲ, ಬಾವುಟದ ಭಾಗವನ್ನು ಬಿಟ್ಟು.

ಆದರೆ ಆ ಮಾತನ್ನು ಕರ್ಕನು ಹೇಳುವುದು ಯಾಂಗರಿಗೆ. ಕೋಮರಿಗೂ ಸಲ್ಲಬೇಕೆಂಬ ಮಾತನ್ನು ಒಬ್ಬ ಕೋಮನ ಕಿವಿಗೆ ಬೀಳುವಂತೆ ಯಾರೂ ಹೇಳುವುದಿಲ್ಲ. ಗೆದ್ದವರ ಸಭೆಯಲ್ಲಿ ಸೋತವರಿಗೆ ಔದಾರ್ಯದ ದಾನವಾಗುತ್ತದೆ. ವೂ ಎಲ್ಲಿ, ಅವನ ಸಾವಿರ ವರ್ಷದ ತಂದೆ ಎಲ್ಲಿ? ಹೀಗೆ ಅರ್ಥ ಹೇಳಿಕೊಟ್ಟದ್ದು ಪ್ರಧಾನಾಜ್ಞೆಯ ಉಲ್ಲಂಘನೆಯಲ್ಲವೆ ಎಂಬ ಪ್ರಶ್ನೆಯನ್ನು ಸ್ಪಾಕ್ ಎತ್ತಿದರೆ, ಅವರು ಯಾವುದಕ್ಕಾಗಿ ಹೋರಾಡುತ್ತಿದ್ದರೋ ಅದರ ಅರ್ಥವನ್ನಷ್ಟೇ ತಿಳಿಸಿದೆನೆಂದು ಕರ್ಕನು ಹಗುರವಾಗಿ ಉತ್ತರಿಸುತ್ತಾನೆ. ಟ್ರೇಸಿಯೂ ಇಂತಹದೇ ಉತ್ತರವನ್ನು ಕೊಡಬಹುದಿತ್ತು.

ಈ ದೃಶ್ಯದಲ್ಲಿ ಇನ್ನೊಬ್ಬನಿದ್ದಾನೆ. ರಕ್ಷಕರನ್ನು ಕರೆದುಕೊಂಡು ನೌಕೆಯಿಂದ ಇಳಿದು ಬರುವ ಅಧಿಕಾರಿ ಸುಲು. ಆ ಪಾತ್ರವನ್ನು ವಹಿಸಿದ ಜಾರ್ಜ್ ಟಾಕೈ ೧೯೩೭ರಲ್ಲಿ ಲಾಸ್ ಏಂಜಲಿಸಿನಲ್ಲಿ ಹುಟ್ಟಿದ ಅಮೆರಿಕದ ಪ್ರಜೆ. ೧೯೪೨ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆಜ್ಞೆಯಂತೆ ಜಪಾನೀ ಮೂಲದ ಸುಮಾರು ೧,೨೦,೦೦೦ ಜನರನ್ನು ಮನೆಮಾರುಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದಾಗ, ಐದು ವರ್ಷದ ಆ ಬಾಲಕನ ಕುಟುಂಬವನ್ನು ಮೊದಲು ಕುದುರೆ ಪಂದ್ಯದ ಬಯಲಿನ ಲಾಯದಲ್ಲಿಟ್ಟು, ಅಲ್ಲಿಂದ ಅರ್ಕನ್ಸಾಸಿನ ರೋವರ್ ಶಿಬಿರಕ್ಕೆ, ಅನಂತರ ಕ್ಯಾಲಿಫೋರ್ನಿಯದ ಟೂಲಿ ಲೇಕ್ ಶಿಬಿರಕ್ಕೆ ಒಯ್ದರು. ಶಿಬಿರದ ಶಾಲೆಯಲ್ಲಿ ದಿನವೂ ಬೆಳಿಗ್ಗೆ ಎದ್ದು ನಿಂತು ಅದೇ ನಿಷ್ಠಾಪ್ರತಿಜ್ಞೆಯನ್ನು ಹೇಳುತ್ತಿದ್ದೆವು. ಎಲ್ಲರಿಗೂ ಸ್ವಾತಂತ್ರ್ಯ, ಎಲ್ಲರಿಗೂ ನ್ಯಾಯ ಎಂದು ಉಚ್ಚರಿಸುವಾಗ ಕಿಟಕಿಯಾಚೆ ಮುಳ್ಳುತಂತಿ, ಕಾವಲುಗೋಪುರ ಕಾಣುತ್ತಿದ್ದವು ಎಂದು ಟಾಕೈ ಅನಂತರದ ವರ್ಷಗಳಲ್ಲಿ ಹಲವು ವೇದಿಕೆಗಳಲ್ಲಿ ಹೇಳಿದ್ದಾನೆ. ಆ ಅನುಭವದಿಂದ ಹುಟ್ಟಿ ೨೦೧೫ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದ, ಅವನೇ ಅಭಿನಯಿಸಿದ ಸಂಗ��ತ ನಾಟಕದ ಹೆಸರು ‘ಅಲೀಜಿಯನ್ಸ್’. ಪ್ರತಿಜ್ಞೆಯಲ್ಲಿ ಬರುವ ನಿಷ್ಠೆ ಎಂಬ ಪದವೇ ಅದು. ಆ ಅನ್ಯಾಯಕ್ಕಾಗಿ ಅಮೆರಿಕದ ಸರ್ಕಾರ ವಿಧಿವತ್ತಾಗಿ ಕ್ಷಮೆ ಕೇಳಿದ್ದು ೧೯೮೮ರಲ್ಲಿ.

೧೯೬೮ರ ಲೇಖಕನು ನಟನ ಬಾಲ್ಯವನ್ನು ಕಥೆಗೆ ತರಬೇಕಿತ್ತೆಂದು ಹೇಳುವುದು ಅತಿಯಾದೀತು. ಆದರೆ ಎಲ್ಲರಿಗೂ ಸಲ್ಲದ ಮಾತಿಗೆ ಅರ್ಥವಿಲ್ಲವೆಂಬುದೇ ಕಥೆಯ ವಸ್ತುವಾಗಿದ್ದಾಗ, ಆ ಮಾತು ತನಗೆ ಸಲ್ಲದೆ ಹೋದ ಕಾಲವನ್ನು ಬಲ್ಲ ಮುಖವೊಂದು, ಕೋಮರ ಮುಖಕ್ಕೆ ಹತ್ತಿರವಾದ ಮುಖವೊಂದು, ಅದೇ ಕೋಣೆಯಲ್ಲಿ ನಿಂತಿತ್ತು. ಬಾವುಟ, ಪೆಟ್ಟಿಗೆ, ಪತ್ರ ಎಲ್ಲವೂ ಕೈಗೆಟಕುವಷ್ಟು ಹತ್ತಿರವಿದ್ದವು. ಕರ್ಕನು ಓದಿ ಮುಗಿಸುತ್ತಾನೆ, ಛಾಯಾಗ್ರಾಹಕ ಯಂತ್ರ ಮತ್ತೊಮ್ಮೆ ಬಾವುಟದ ಕಡೆಗೆ ತಿರುಗುತ್ತದೆ. ಸುಲುವಿನ ಪಾಲಿಗೆ ಬಂದದ್ದು ಟ್ರೇಸಿಯನ್ನು ಹಿಡಿದುಕೊಳ್ಳುವ ಕೆಲಸ.